ಸುಲೋಚನೆಗೆ ನಾನು ಕೊಟ್ಟ ಕಾರಣ

ಧಾರಾವಾಹಿಗೆ ಬರೆಯಬೇಕೆಂಬ ಹುಡುಗ ಹುಡುಗಿಯರು ಆಗಾಗ ಮಾರೇನಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಚಾನೆಲ್‌ನವರ ಪರಿಚಯ ಮಾಡಿಸುತ್ತೀರಾ ಎಂದು ಕೇಳುತ್ತಾರೆ, ಸಂಭಾಷಣೆ ಚುರುಕಾಗಿ ಬರೆಯುವುದು ಹೇಗೆ ಎಂದು ಕೇಳುತ್ತಾರೆ. ಒಂದು ಪಾತ್ರ ತಾನು ಮಾಡುವ ಕೆಲಸವನ್ನು ಯಾಕೆ ಮಾಡುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಆ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಅನ್ನ ತಿಂದಿದ್ದೇನೆ. ಈಗ ಬರೆಯಲು ಕೂತರೆ ನೆನಪಿಗೆ ಬರುವುದು ಜನ ಮೆಚ್ಚಿದ ದೃಶ್ಯಗಳಲ್ಲ, ನನ್ನ ತಲೆ ತಗ್ಗಿಸಿದ ದೃಶ್ಯಗಳು. ಹೊಸಬರಿಗೆ ಉಪಯೋಗವಾಗುವುದೂ ಅವೇ ಇರಬೇಕು.

ನಾನು ಕೆಲಸ ಕಲಿತದ್ದು ಮೂರ್ತಿ ಸಾರ್ ಹತ್ತಿರ. ಅವರೇ ನಿರ್ಮಾಪಕರು, ಅವರೇ ನಿರ್ದೇಶಕರು. ರಾಜಾಜಿನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಅವರ ಆಫೀಸು. ಚಾಪೆ ಹಾಸಿಕೊಂಡು ಕೂತು ಒಂದು ವಾರದ ಕಥೆಯನ್ನು ಒಂದು ಬೆಳಗಿನಲ್ಲಿ ಹೊಸೆಯುತ್ತಿದ್ದೆವು. ಮೊದಮೊದಲು ನಾನು, “ಸಾರ್, ಈ ಅಣ್ಣ ತಮ್ಮನ ಮೇಲೆ ಕೇಸ್ ಹಾಕೋಕೆ ಕಾರಣ ಏನು?” ಎಂದೆಲ್ಲ ಕೇಳುತ್ತಿದ್ದೆ. ಅವರು ನಕ್ಕು, “ಕಾರಣ ಅನ್ನೋದು ಒಗ್ಗರಣೆ ಇದ್ದ ಹಾಗೆ ಕಣಯ್ಯಾ. ಸಾರು ಕುದ್ದು ಇಳಿಸಿದ ಮೇಲೆ ಹಾಕಿದ್ರೂ ನಡೆಯತ್ತೆ,” ಎನ್ನುತ್ತಿದ್ದರು. ಆ ಮಾತು ನನಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಕೆಲವು ಸಲ ಒಗ್ಗರಣೆಯನ್ನೇ ಮರೆತುಬಿಡುತ್ತಿದ್ದೆ.

ಒಂದು ಧಾರಾವಾಹಿಯಲ್ಲಿ ತಂದೆಯೊಬ್ಬ ಮಗಳ ಜೊತೆ ಮಾತು ಬಿಟ್ಟಿದ್ದ. ತಿಂಗಳುಗಟ್ಟಲೆ ಬಿಟ್ಟಿದ್ದ. ಇಬ್ಬರನ್ನೂ ಒಂದು ಮಾಡುವ ಹೊತ್ತು ಬಂದಾಗ ಅವನಿಗೆ ಸಿಟ್ಟು ಬಂದದ್ದು ಯಾಕೆಂದು ನಮಗೆ ಯಾರಿಗೂ ನೆನಪಿರಲಿಲ್ಲ. ಹಳೆಯ ಎಪಿಸೋಡುಗಳನ್ನೆಲ್ಲ ತಿರುವಿ ನೋಡಿದೆವು. ನೆನಪಿಲ್ಲದ್ದಲ್ಲ, ಕಾರಣವನ್ನು ನಾವು ಬರೆದೇ ಇರಲಿಲ್ಲ. ಯಾವುದೋ ವಾರ ಜಗಳ ಬೇಕಾಗಿತ್ತು, ಹಚ್ಚಿದ್ದೆವು, ಅಷ್ಟೆ. ತಂದೆಯ ಪಾತ್ರ ಮಾಡುತ್ತಿದ್ದವರು ನಾಟಕ ಕಂಪನಿಯಲ್ಲಿ ಪಳಗಿದ ಹಿರಿಯರು. ಸಂಕೋಚದಿಂದಲೇ ಅವರನ್ನು ಕೇಳಿದೆ. “ಅಯ್ಯೋ, ನೀವು ಕೊಡ್ಲಿಲ್ಲ ಅಂತ ನಾನೇ ಒಂದು ಮಾಡ್ಕೊಂಡಿದ್ದೆ ಸ್ವಾಮಿ,” ಎಂದರು. “ನನ್ನ ಹೆಂಡ್ತಿ ಸತ್ತ ದಿನ ಮಗಳು ಬಂದ್ಲು, ಆದ್ರೆ ಅಳ್ಲಿಲ್ಲ. ಅದು ನನ್ನ ಮನಸ್ಸಲ್ಲಿ ಕೂತಿದೆ ಅಂದ್ಕೊಂಡು ಮುಖ ತಿರುಗಿಸ್ತಿದ್ದೆ.” ಜನ ಆ ತಂದೆಯನ್ನು ಅಷ್ಟು ದಿನ ನಂಬಿದ್ದು ಅವರು ಗುಟ್ಟಾಗಿ ಇಟ್ಟುಕೊಂಡಿದ್ದ ಆ ಕಾರಣದಿಂದ. ನನ್ನ ಬರವಣಿಗೆಯಿಂದಲ್ಲ. ಅವತ್ತು ನಾಚಿಕೆಯಾಯಿತು. ಆದರೆ ಅದು ಕಾಫಿ ಕುಡಿದರೆ ಇಳಿದುಹೋಗುವಂಥ ನಾಚಿಕೆ.

ಇನ್ನೊಂದು ಇಳಿಯಲಿಲ್ಲ.

ನಾನು ಕೈಯಲ್ಲಿ ಬರೆದು ಕಾರ್ಬನ್ ಪ್ರತಿ ಮಾಡುತ್ತಿದ್ದ ಕಾಲ ಮುಗಿದು, ಮೊಬೈಲಿನಲ್ಲಿ ಟೈಪ್ ಮಾಡಿ ಸೆಟ್ಟಿಗೆ ಕಳಿಸುವ ಕಾಲ ಬಂದಿತ್ತು. ಕಲಾವಿದರು ಮೇಕಪ್ ಮಾಡಿಸಿಕೊಳ್ಳುತ್ತಿರುವಾಗ ಅವರ ಸಂಭಾಷಣೆ ನನ್ನ ಬೆರಳ ತುದಿಯಲ್ಲಿ ಹುಟ್ಟುತ್ತಿತ್ತು. ಮೂರ್ತಿ ಸಾರ್ ಅವರ ಆಗಿನ ಧಾರಾವಾಹಿ ಒಂದು ಕೂಡು ಕುಟುಂಬದ ಕಥೆ. ಕೆಂಗೇರಿ ಕಡೆ ಬಾಡಿಗೆಗೆ ಹಿಡಿದ ದೊಡ್ಡ ಬಂಗಲೆಯಲ್ಲಿ ಶೂಟಿಂಗ್. ಆ ಮನೆಯ ಹಿರಿಸೊಸೆ ಸುಲೋಚನಾ ನಮ್ಮ ಖಳನಾಯಕಿ. ಬಸುರಿಯಾಗಿದ್ದ ಕಿರಿಸೊಸೆಯ ಹಾಲಿಗೆ ಅವಳು ವಿಷ ಬೆರೆಸಿದ್ದಳು, ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿದ್ದಳು. ಯಾಕೆ ಎಂದರೆ ಅವಳು ಖಳನಾಯಕಿ, ಅದಕ್ಕೆ.

ಆ ಪಾತ್ರ ಮಾಡುತ್ತಿದ್ದವಳು ರೇಖಾ. ವಿಜಯನಗರದವಳು, ಸ್ಕೂಲಿಗೆ ಹೋಗುವ ಇಬ್ಬರು ಗಂಡುಮಕ್ಕಳ ತಾಯಿ, ಬಾಯಿ ತುಂಬ ನಗುವ ಹೆಂಗಸು. ಒಂದು ದಿನ ಊಟದ ಬಿಡುವಿನಲ್ಲಿ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

“ಸಾರ್, ನಿನ್ನೆ ಮಾರ್ಕೆಟ್‌ನಲ್ಲಿ ಸೊಪ್ಪಿನ ಅಜ್ಜಿ ನಂಗೆ ಕರಿಬೇವು ಕೊಡ್ಲಿಲ್ಲ. ‘ಬಸುರಿ ಹುಡ್ಗೀಗೆ ವಿಷ ಹಾಕಿದ ಕೈ ನಿಂದು, ಮುಂದಕ್ಕೆ ಹೋಗು’ ಅಂದ್ಲು.”

ನಾನು ನಕ್ಕೆ. ಪಾತ್ರ ಗೆದ್ದಿತೆಂಬುದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ ಎಂದೆ.

“ನಗ್ಬೇಡಿ ಸಾರ್. ನನ್ನ ಮಕ್ಕಳಿದ್ರು ಜೊತೇಲಿ,” ಎಂದಳು. “ಬೈಸ್ಕೊಳ್ಳೋಕೆ ಬೇಜಾರಿಲ್ಲ. ಆದ್ರೆ ನಾನು ಯಾಕೆ ವಿಷ ಹಾಕ್ತೀನಿ ಅಂತ ನಂಗಾದ್ರೂ ಗೊತ್ತಿರ್ಬೇಕಲ್ವಾ? ಏನೂ ಗೊತ್ತಿಲ್ದೆ ಕಣ್ಣು ದೊಡ್ಡದು ಮಾಡಿ ಸಾಕಾಗಿದೆ. ಒಂದು ಕಾರಣ ಕೊಡಿ ಸಾರ್.”

ಕೊಡುತ್ತೇನೆ ಎಂದೆ. ಆಗಿನ್ನೂ ಮೆಟ್ರೋ ಕೆಂಗೇರಿಯವರೆಗೆ ಬಂದಿರಲಿಲ್ಲ. ಪ್ರೊಡಕ್ಷನ್ ಕಾರಿನಲ್ಲಿ ವಾಪಸು ಬರುವಾಗ ನಾಯಂಡಹಳ್ಳಿ ಹತ್ತಿರ ಟ್ರಾಫಿಕ್ ನಿಂತಿತು. ಗಾಡಿ ಮತ್ತೆ ಹೊರಡುವಷ್ಟರಲ್ಲಿ ಕಾರಣ ಸಿಕ್ಕಿತ್ತು. ಸುಲೋಚನೆಗೆ ಮಕ್ಕಳಿಲ್ಲ. ಅಷ್ಟೆ. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಯಾರೂ ಅನುಮಾನಿಸುವುದಿಲ್ಲ. ಮನೆ ತಲುಪುವ ಮೊದಲೇ ದೃಶ್ಯ ಟೈಪಾಗಿತ್ತು. ಕಿರಿಸೊಸೆಯ ಸೀಮಂತದ ದಿನ ಹೊರಗೆ ಆರತಿ ಹಾಡು; ಒಳಗೆ ಕತ್ತಲೆ ಕೋಣೆಯಲ್ಲಿ ಸುಲೋಚನಾ ಖಾಲಿ ತೊಟ್ಟಿಲು ತೂಗುತ್ತಾಳೆ. ತೂಗುತ್ತ ಹೇಳುತ್ತಾಳೆ: “ನನ್ನ ಮಡಿಲು ತುಂಬದ ಈ ಮನೇಲಿ ಇನ್ಯಾರ ಮಡಿಲೂ ತುಂಬಬಾರದು.”

ಮೂರ್ತಿ ಸಾರ್ ಫೋನಿನಲ್ಲೇ ಕುಣಿದರು. “ಬಂತು ನೋಡಯ್ಯಾ ಒಗ್ಗರಣೆ ವಾಸನೆ!” ಎಂದರು.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಗಿರಿಜಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದಳು. ಭಾವ ಬೇಗ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ನನ್ನ ಹೆಂಡತಿ ಹಾಸಿಗೆ ಹಿಡಿದಾಗ ಅಕ್ಕ ನಮ್ಮ ಮನೆಗೆ ಬಂದಳು, ಹೆಂಡತಿ ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ನನ್ನ ಮಗಳಿಗೆ ಜಡೆ ಹಾಕಿದವಳು, ಪರೀಕ್ಷೆಗೆ ಓದಿಸಿದವಳು, ಹುಬ್ಬಳ್ಳಿಗೆ ಮದುವೆ ಮಾಡಿ ಕಳಿಸುವಾಗ ಧಾರೆಯ ಸೀರೆ ಆರಿಸಿದವಳು ಅವಳೇ. ಇಂಥ ಅಕ್ಕ ಪಕ್ಕದ ಕೋಣೆಯಲ್ಲೇ ಇರುವ ಮನೆಗೆ ಬರುವ ದಾರಿಯಲ್ಲಿ ನಾನು ಆ ದೃಶ್ಯ ಬರೆದೆ. ಬರೆಯುವಾಗ ಅವಳ ನೆನಪೇ ಬರಲಿಲ್ಲ ಎಂದರೆ ನೀವು ನಂಬಲಾರಿರಿ. ಬರಲಿಲ್ಲ. ನನ್ನ ಲೆಕ್ಕದಲ್ಲಿ ಮಕ್ಕಳಿಲ್ಲದವಳು ಎಂಬುದು ಧಾರಾವಾಹಿಯ ಒಂದು ಸಾಮಾನು. ಅಕ್ಕ ಅಕ್ಕನೇ ಆಗಿದ್ದಳು.

ಕೆಳಗಿನ ಮನೆಯಲ್ಲಿ ಸೌಮ್ಯ ಎಂಬ ಹುಡುಗಿ, ಅವಳ ಗಂಡ ಬಾಡಿಗೆಗಿದ್ದರು. ಅವರ ಕೂಸು ಚಿನ್ನು ಹುಟ್ಟಿದಾಗಿನಿಂದ ಹೆಚ್ಚಾಗಿ ನಮ್ಮ ಮನೆಯಲ್ಲೇ ಬೆಳೆದದ್ದು. ಸೌಮ್ಯ ಬಟ್ಟೆ ಒಣಹಾಕಬೇಕೆಂದರೆ, ಅಡುಗೆಗೆ ನಿಲ್ಲಬೇಕೆಂದರೆ, “ಆಂಟಿ, ಸ್ವಲ್ಪ ಹಿಡ್ಕೊಳ್ಳಿ,” ಎಂದು ಮಗುವನ್ನು ಅಕ್ಕನ ಕೈಗೆ ಕೊಟ್ಟು ಓಡುತ್ತಿದ್ದಳು. ಅಕ್ಕ ಅದಕ್ಕೆ ರಾಗಿ ಸರಿ ತಿನ್ನಿಸುತ್ತ, ಗ್ರಹಗಳ ಹೆಸರು ಹೇಳಿಕೊಡುತ್ತಿದ್ದಳು. ಸಂಜೆ ಮೂವರೂ ಕೂತು ನನ್ನ ಧಾರಾವಾಹಿ ನೋಡುವುದು ವಾಡಿಕೆ.

ತೊಟ್ಟಿಲ ದೃಶ್ಯ ಬಂದ ಸಂಜೆ ನಾನೂ ಕೋಣೆಯಿಂದ ಹೊರಬಂದು ಬಾಗಿಲಿಗೆ ಒರಗಿ ನಿಂತೆ. ನೋಡುವವರ ಮುಖ ನೋಡುವ ಆಸೆ. ಚಿನ್ನು ಅಕ್ಕನ ತೊಡೆಯ ಮೇಲೆ ಅರೆನಿದ್ದೆಯಲ್ಲಿತ್ತು. ರೇಖಾ ಚೆನ್ನಾಗಿ ಮಾಡಿದ್ದಳು. ಕಣ್ಣು ದೊಡ್ಡದು ಮಾಡದೆ ಪಿಸುಮಾತಿನಲ್ಲಿ ಆ ಮಾತು ಹೇಳಿದ್ದಳು. ಸೌಮ್ಯ ರೆಪ್ಪೆ ಬಡಿಯದೆ ಟಿವಿ ನೋಡುತ್ತಿದ್ದಳು. ಜಾಹೀರಾತು ಬಂದ ಕೂಡಲೇ ಎದ್ದು, “ಹಾಲು ಕುಡಿಸ್ಬೇಕು ಆಂಟಿ,” ಎಂದು ಮಗುವನ್ನು ಎತ್ತಿಕೊಂಡು ಕೆಳಗೆ ಹೋದಳು. ಹುಡುಗಿಗೆ ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ. ನನಗೆ ಹೆಮ್ಮೆಯೇ ಆಯಿತು.

ಮರುದಿನ ಸೌಮ್ಯ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಕ್ಕ ಮಾಡಿಟ್ಟ ರಾಗಿ ಸರಿ ಬಟ್ಟಲಲ್ಲೇ ಕೆನೆಗಟ್ಟುತ್ತಿತ್ತು. ಮಗುವಿಗೆ ನೆಗಡಿ ಇರಬೇಕು ಎಂದಳು ಅಕ್ಕ. ಆಮೇಲೆ ಅದನ್ನೂ ಹೇಳಲಿಲ್ಲ, ಸರಿ ಮಾಡುವುದನ್ನೂ ನಿಲ್ಲಿಸಿದಳು. ನಾನು ಗಮನಿಸಲಿಲ್ಲ. ಆ ವಾರ ನಮ್ಮ ಧಾರಾವಾಹಿ ರೇಟಿಂಗ್‌ನಲ್ಲಿ ಮೇಲಕ್ಕೆ ಹೋಗಿತ್ತು. ಸುಲೋಚನೆಯ ಮಾತು ಪ್ರೋಮೋದಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ನನ್ನ ಕಣ್ಣು ತೆರೆದದ್ದು ಚಿನ್ನುವಿನ ಮೊದಲ ಹುಟ್ಟುಹಬ್ಬಕ್ಕೆ. ನಾನು ಗೇಟಿನ ಬಳಿ ಇದ್ದಾಗ ಸೌಮ್ಯ, “ಅಂಕಲ್, ಸಂಜೆ ಕೇಕ್ ಕಟ್ ಮಾಡ್ತೀವಿ, ನೀವು ಬನ್ನಿ,” ಎಂದಳು.

“ಅಕ್ಕನಿಗೂ ಹೇಳಮ್ಮ.”

“ಆಂಟಿಗೆ ಮೆಟ್ಟಿಲು ಇಳಿಯೋದು ಕಷ್ಟ ಅಲ್ವಾ ಅಂಕಲ್...”

ಅಕ್ಕ ದಿನಾ ಬೆಳಗ್ಗೆ ಅದೇ ಮೆಟ್ಟಿಲು ಇಳಿದು ಹಾಲು ತರುತ್ತಿದ್ದಳು. ಸೌಮ್ಯಳ ಮುಖ ನೋಡಿದೆ. ಅವಳು ಸೆರಗಿನ ತುದಿ ಸುತ್ತುತ್ತ ನೆಲ ನೋಡುತ್ತಿದ್ದಳು.

“ಏನಮ್ಮ ವಿಷಯ? ಬಿಡಿಸಿ ಹೇಳು.”

“ನಂದೇನಿಲ್ಲ ಅಂಕಲ್. ನಮ್ಮಮ್ಮ ಊರಿಂದ ಬಂದಿದಾರಲ್ಲ... ಅವ್ರು ಹೇಳ್ತಾರೆ, ಮಕ್ಕಳಿಲ್ದೋರ ಮನಸ್ಸಲ್ಲಿ ಒಳಗೊಳಗೇ ಏನೋ ಇರತ್ತಂತೆ. ಅವ್ರು ಕೆಟ್ಟೋರಲ್ಲ, ಆದ್ರೂ ಕಣ್ಣು ತಾಗತ್ತಂತೆ. ಕೂಸಿನ ವಿಷಯ, ಯಾಕೆ ಬೇಕು ಅಂತ.”

“ಸೌಮ್ಯ, ಅದು ಸೀರಿಯಲ್ಲು. ನಾನೇ ಬರೆದದ್ದು.”

“ಅದನ್ನೇ ಅಮ್ಮ ಹೇಳಿದ್ದು ಅಂಕಲ್,” ಎಂದಳು ಅವಳು, ಕಣ್ಣಲ್ಲಿ ನೀರು ತುಂಬಿಕೊಂಡು. “ಬರೆದೋರ ಮನೇಲೇ ಅಂಥೋರು ಇದಾರೆ, ನೋಡಿ ನೋಡಿ ಬರೆದಿರ್ತಾರೆ ಅಂದ್ರು. ಅದಕ್ಕೇ ಅಷ್ಟು ನಿಜ ಅನ್ಸತ್ತೆ ಅಂದ್ರು.”

ಬರೆಯುವವನಿಗೆ ಓದುಗರಿಂದ, ನೋಡುಗರಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ ಅದೇ ತಾನೆ? ನಿಜ ಅನ್ನಿಸುತ್ತದೆ ಎಂಬುದು. ನಾನು ಗೇಟು ಹಿಡಿದುಕೊಂಡು ನಿಂತೇ ಇದ್ದೆ. ಸಂಜೆ ಕೆಳಗಿನಿಂದ ಹುಟ್ಟುಹಬ್ಬದ ಹಾಡು ಕೇಳಿಸಿತು. ನಾನು ಹೋಗಲಿಲ್ಲ. ಅಕ್ಕ ಫ್ಯಾನ್ ಜೋರು ಮಾಡಿದಳು, ಆ ಸದ್ದಿನಲ್ಲಿ ಹಾಡು ಮುಳುಗಲೆಂದು.

ಮಾರನೆಯ ದಿನ ರಾಜಾಜಿನಗರಕ್ಕೆ ಹೋಗಿ ಮೂರ್ತಿ ಸಾರ್ ಮುಂದೆ ನಿಂತೆ. ಸುಲೋಚನೆಯ ಕಾರಣ ಬದಲಾಯಿಸಬೇಕು ಎಂದೆ. ಮನೆಯ ಸಂಗತಿ ಹೇಳಲು ಬಾಯಿ ಬರಲಿಲ್ಲ, ತಾಂತ್ರಿಕವಾಗಿ ಏನೇನೋ ವಾದಿಸಿದೆ. ಅವರು ತಾಳ್ಮೆಯಿಂದ ಕೇಳಿದರು. “ಜನ ನಂಬಿದಾರಯ್ಯಾ,” ಎಂದರು. “ಜನ ನಂಬಿದ್ದನ್ನ ಮುಟ್ಟೋಕೆ ಹೋಗ್ಬಾರ್ದು.”

ಮನೆಗೆ ಬಂದಾಗ ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಎದುರಿಗೆ ಕೂತೆ.

“ಅಕ್ಕ, ಚಿನ್ನು ಯಾಕೆ ಬರ್ತಿಲ್ಲ ಗೊತ್ತಾ ನಿಂಗೆ?”

“ಗೊತ್ತು ಕಣೋ. ನಾನೂ ಟಿವಿ ನೋಡ್ದೆನಲ್ಲ.”

“ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಬರೆದಾದ ಮೇಲೆ ಏನು ಹೇಳೋದು? ಮುಂಚೆ ಕೇಳಿದ್ರೆ ಹೇಳ್ತಿದ್ದೆ. ಪಕ್ಕದ ರೂಮಲ್ಲೇ ಇದ್ನಲ್ಲೋ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಈಗ ಕೇಳ್ತೀನಿ. ಸುಲೋಚನಾ ಯಾಕೆ ಹಾಗೆ ಆಡ್ತಾಳೆ?” ಎಂದೆ.

ಅಕ್ಕ ನಕ್ಕಳು. “ಮಕ್ಕಳಿಲ್ಲ ಅಂತ ಯಾರಾದ್ರೂ ಹಾಲಿಗೆ ವಿಷ ಹಾಕ್ತಾರೇನೋ? ನಂಗೂ ನಿಮ್ಮ ಭಾವಂಗೂ ಮೊದಲು ಬೇಜಾರಿತ್ತು. ಎಷ್ಟೋ ವರ್ಷ ಇತ್ತು. ಆಮೇಲೆ ಸ್ಕೂಲು, ಲ್ಯಾಬು, ಆ ಮಕ್ಕಳ ಗಲಾಟೆ... ಅದೊಂದನ್ನೇ ನೆನೆಸ್ಕೊಂಡು ಕೂರೋಕೆ ಪುರುಸೊತ್ತೆಲ್ಲಿ? ಸಿಟ್ಟು ಬರ್ತಿದ್ದಿದ್ದು ಬೇರೆದಕ್ಕೆ. ‘ನಿಂಗೇನಮ್ಮ, ಮಕ್ಕಳಾ ಮರಿಯಾ’ ಅಂತಾರಲ್ಲ, ಅದಕ್ಕೆ. ಅತ್ತೆ ಆಸ್ಪತ್ರೇಲಿದ್ರೆ ಜೊತೆಗಿರೋಳು ನಾನು. ಎಲ್ರೂ ಮದುವೆಗೆ ಹೊರಟ್ರೆ ಮನೆ ಕಾಯೋಳು ನಾನು. ಮಕ್ಕಳಿಲ್ದೋಳ ಹೊತ್ತು ಅಂದ್ರೆ ಊರಿಗೆಲ್ಲ ಬಿಟ್ಟಿ. ನಿನ್ನ ಸುಲೋಚನಂಗೆ ಸಿಟ್ಟು ಬರ್ಬೇಕು ಅಂದ್ರೆ ಅದಕ್ಕೆ ಬರ್ಲಿ. ಆಗ್ಲೂ ವಿಷ ಹಾಕಲ್ಲ ಅವಳು. ಅಬ್ಬಬ್ಬಾ ಅಂದ್ರೆ ಒಂದಿನ ಎಲ್ಲಾ ಹಾಗೇ ಬಿಟ್ಟು ಸಿನಿಮಾಕ್ಕೆ ಹೋಗ್ತಾಳೆ.”

ಕೇಳುತ್ತ ಕೇಳುತ್ತ, ಹೆಂಡತಿ ಹಾಸಿಗೆ ಹಿಡಿದ ವರ್ಷ ನಾನು ಅಕ್ಕನಿಗೆ ಫೋನ್ ಮಾಡಿದ್ದು ನೆನಪಾಯಿತು. ಅವಳಿಗಿನ್ನೂ ಹತ್ತಾರು ವರ್ಷ ಸರ್ವಿಸ್ ಇತ್ತು, ಹೆಡ್‌ಮೇಡಂ ಆಗುವವಳಿದ್ದಳು. ನಾನು ಹೇಳಿದ್ದೆ, ಇದೇ ಶಬ್ದಗಳಲ್ಲಿ: “ನಿಂಗೇನಕ್ಕ, ಮಕ್ಕಳಾ ಮರಿಯಾ. ಕೆಲಸ ಬಿಟ್ಟು ಬಂದ್ಬಿಡು.” ಅವಳು ಬಂದುಬಿಟ್ಟಳು.

“ನಾನೂ ಹಾಗಂದಿದ್ದೆ, ಅಲ್ವಾ ಅಕ್ಕ?”

“ಅಂದಿದ್ದೆ,” ಎಂದಳು. ಇನ್ನೊಂದು ಹುರುಳಿಕಾಯಿ ಮುರಿದಳು. “ಕುಕ್ಕರಿಗೆ ನೀರು ಹಾಕು ಹೋಗು.”

ಆ ವಾರ ಒಂದು ದೃಶ್ಯ ಬರೆದೆ. ಮನೆಮಂದಿಯೆಲ್ಲ ಮದುವೆಗೆ ಹೊರಟಿದ್ದಾರೆ. ಮಾವನಿಗೆ ಮೈ ಸರಿಯಿಲ್ಲ. “ಸುಲೋಚನಾ ಇರ್ತಾಳಲ್ಲ, ಅವಳಿಗೇನು,” ಎನ್ನುತ್ತಾಳೆ ಅತ್ತೆ. ಸುಲೋಚನಾ ಸೋಫಾದ ಮೇಲೆ ಕೂತು, “ಇವತ್ತು ನಂಗೆ ಪುರುಸೊತ್ತಿಲ್ಲ ಅತ್ತೆ,” ಎನ್ನುತ್ತಾಳೆ. ಅಷ್ಟೆ ದೃಶ್ಯ. ಕಳಿಸುವ ಮೊದಲು ಅಕ್ಕನಿಗೆ ಓದಿ ತೋರಿಸಿದೆ. ಸಂಭಾಷಣೆಯನ್ನು ಇನ್ನೊಬ್ಬರಿಗೆ ಓದಿ ತೋರಿಸಿದ್ದು ಅದೇ ಮೊದಲು. ಅವಳು ಪೂರ್ತಿ ಕೇಳಿ, “ಅವಳು ಹೇಳುವಾಗ ಅಳ್ಬಾರ್ದು,” ಎಂದಳು. ನಾನು ‘ಕಣ್ಣೀರು’ ಎಂದು ಬರೆದಿದ್ದನ್ನು ತೆಗೆದೆ.

ರೇಖಾ ಅದನ್ನು ಎರಡು ಸಲ ಓದಿಕೊಂಡಳು. ಒಂದೇ ಟೇಕಿನಲ್ಲಿ ಮಾಡಿದಳು. ಆದರೆ ಅದು ಪ್ರಸಾರವಾಗಲಿಲ್ಲ. ಆ ದಿನದ ಶೂಟಿಂಗನ್ನು ಸಹಾಯಕರಿಗೆ ಬಿಟ್ಟಿದ್ದ ಮೂರ್ತಿ ಸಾರ್ ಎಡಿಟಿಂಗ್‌ನಲ್ಲಿ ನೋಡಿ, “ಕೆಲಸ ಮಾಡಲ್ಲ ಅನ್ನೋ ಸೊಸೇನ ಯಾರಯ್ಯಾ ನೋಡ್ತಾರೆ?” ಎಂದು ಕತ್ತರಿಸಿದರು. ಆ ಜಾಗಕ್ಕೆ ಹಳೆಯ ತೊಟ್ಟಿಲನ್ನೇ ಮತ್ತೊಮ್ಮೆ ತೂಗಿಸಿದರು.

ರೇಖಾಳ ಪಾಡು ಬೇರೆಯಾಯಿತು. “ಸೊಪ್ಪಿನ ಅಜ್ಜಿ ಈಗ ಬೈಯಲ್ಲ ಸಾರ್,” ಎಂದಳು ಒಂದು ದಿನ. “‘ದೇವರು ಕಣ್ಣು ಬಿಡ್ತಾನೆ ಮಗಳೇ’ ಅಂತ ಇನ್ನೊಂದು ಕಟ್ಟು ಜಾಸ್ತಿ ಹಾಕ್ತಾಳೆ. ನನ್ನ ಇಬ್ರು ಮಕ್ಕಳೂ ಪಕ್ಕದಲ್ಲೇ ನಿಂತಿರ್ತಾರೆ. ಅವರು ಅವಳ ಕಣ್ಣಿಗೇ ಬೀಳಲ್ಲ.”

ದೃಶ್ಯ ಕತ್ತರಿಸಿದ ದಿನ ನಾನು ಕೆಲಸ ಬಿಟ್ಟೆ ಎಂದು ಬರೆಯುವ ಆಸೆ ಇದೆ. ಬಿಡಲಿಲ್ಲ. ಆ ಧಾರಾವಾಹಿ ಮುಗಿಯುವವರೆಗೂ ಬರೆದೆ. ಸುಲೋಚನೆಯನ್ನು ಜೈಲಿಗೆ ಕಳಿಸಿದವನೂ ನಾನೇ. ಅಷ್ಟರಲ್ಲಿ ಸೌಮ್ಯ ಮನೆ ಖಾಲಿ ಮಾಡಿದಳು. ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಸಾಮಾನಿನ ಲಾರಿ ಬಾಗಿಲಲ್ಲಿ ನಿಂತಿದ್ದಾಗ ಅವಳು ಮಗುವನ್ನೆತ್ತಿಕೊಂಡು ಮೇಲೆ ಬಂದಳು, ಅಕ್ಕನ ಕಾಲಿಗೆ ನಮಸ್ಕಾರ ಮಾಡಿದಳು. “ಒಂದ್ಸಲ ಎತ್ಕೊಳ್ಳಿ ಆಂಟಿ,” ಎಂದು ಚಿನ್ನುವನ್ನು ಮುಂದೆ ಚಾಚಿದಳು. ಅಕ್ಕ ಮಗುವಿನ ತಲೆ ಸವರಿದಳು. ಎತ್ತಿಕೊಳ್ಳಲಿಲ್ಲ. “ಲಾರಿಯೋನು ಕಾಯ್ತಿದಾನೆ, ಹೊರಡಮ್ಮ,” ಎಂದಳು. ಆ ವರ್ಷದ ಜೂನಿನಲ್ಲಿ ಅಕ್ಕ ಹತ್ತಿರದ ಟ್ಯೂಷನ್ ಸೆಂಟರಿನಲ್ಲಿ ಪಾಠಕ್ಕೆ ಸೇರಿಕೊಂಡಳು. ನನ್ನನ್ನು ಕೇಳಲಿಲ್ಲ, ಹೇಳಿದಳು ಅಷ್ಟೆ. ಈಗಲೂ ಸಂಜೆ ಅಲ್ಲಿಗೆ ಹೋಗುತ್ತಾಳೆ. ಅಡುಗೆ ನಾನು ಕಲಿತಿದ್ದೇನೆ.

ಹೋದ ವರ್ಷ ನಾಗರಬಾವಿಯ ಒಂದು ಕಾಲೇಜಿನ ಹುಡುಗರು ಕಥೆ ಬರೆಯುವುದನ್ನು ಹೇಳಿಕೊಡಿ ಎಂದು ಕರೆದರು. ನಾಲ್ಕೈದು ಶನಿವಾರ ಹೋದೆ. ಮೊದಲ ತರಗತಿಯಲ್ಲಿ ಒಬ್ಬ ಹುಡುಗಿ ತನ್ನ ಕಥೆ ಓದಿದಳು. ಕಥೆಯಲ್ಲಿ ಒಬ್ಬಳು ಚಿಕ್ಕಮ್ಮ, ಅಕ್ಕನ ಮಗುವನ್ನು ಜಾತ್ರೆಯಲ್ಲಿ ಬೇಕೆಂದೇ ಕಳೆದುಬರುತ್ತಾಳೆ.

“ಯಾಕಮ್ಮ ಹಾಗೆ ಮಾಡ್ತಾಳೆ ಅವಳು?” ಎಂದೆ.

“ಅವಳಿಗೆ ಮಕ್ಕಳಿಲ್ಲ ಸಾರ್.”

ತರಗತಿಯೆಲ್ಲ ತಲೆಯಾಡಿಸಿತು. ಯಾರಿಗೂ ಅನುಮಾನವಿಲ್ಲ.

“ಅಂಥೋರನ್ನ ಎಲ್ಲಿ ನೋಡಿದೀಯ?”

“ಚಿಕ್ಕೋಳಿದ್ದಾಗ ನಮ್ಮಜ್ಜಿ ಜೊತೆ ಒಂದು ಸೀರಿಯಲ್ ನೋಡ್ತಿದ್ದೆ ಸಾರ್. ಅದ್ರಲ್ಲಿ ಸುಲೋಚನಾ ಅಂತ ಇದ್ಲು, ಖಾಲಿ ತೊಟ್ಟಿಲು ತೂಗ್ತಾಳೆ...” ನನ್ನ ಆ ಮಾತನ್ನು ಅಕ್ಷರ ತಪ್ಪದೆ ಒಪ್ಪಿಸಿದಳು.

“ಅದನ್ನ ಬರೆದೋನು ನಾನೇ,” ಎಂದೆ. ತಲೆ ತಗ್ಗಿಸಿಯೇ ಹೇಳಿದೆ. ಇಡೀ ತರಗತಿ ಚಪ್ಪಾಳೆ ತಟ್ಟಿತು.

ಚಪ್ಪಾಳೆ ನಿಂತ ಮೇಲೆ ಆ ಹುಡುಗಿಯನ್ನು ಕೇಳಿದೆ, “ನಿನಗೆ ನಿಜವಾಗ್ಲೂ ಮಕ್ಕಳಿಲ್ಲದ ಚಿಕ್ಕಮ್ಮ ಇದಾರಾ?” ಇದ್ದಾರೆ ಎಂದಳು. “ಹಾಗಾದ್ರೆ ಕಥೆ ಮುಂದುವರಿಸೋ ಮುಂಚೆ ಅವರ ಹತ್ರ ಹೋಗಿ ಕೂತು ಮಾತಾಡ್ಸು. ಅವರಿಗೆ ಯಾವಾಗ ಸಿಟ್ಟು ಬರತ್ತೆ, ಯಾರ ಮೇಲೆ ಬರತ್ತೆ ಅಂತ ಕೇಳು,” ಎಂದು ಹೇಳಿ ಕಳಿಸಿದೆ.

ಮುಂದಿನ ಶನಿವಾರ ಅವಳು ಕಡೆಯ ಬೆಂಚಿನಲ್ಲಿ ಕೂತಿದ್ದಳು. ಕಥೆ ತಂದಿರಲಿಲ್ಲ.

“ಚಿಕ್ಕಮ್ಮನ್ನ ಕೇಳಿದ್ಯಾ?”

“ಕೇಳ್ದೆ ಸಾರ್. ತುಂಬ ಹೊತ್ತು ಮಾತಾಡಿದ್ರು. ನನ್ನ ಸ್ಕೂಲ್ ಫಂಕ್ಷನ್‌ಗೆಲ್ಲ ಬರ್ತಿದ್ದಿದ್ದು ಅವರೇ ಅಂತೆ, ಅಮ್ಮಂಗೆ ಡ್ಯೂಟಿ ಇರ್ತಿತ್ತಲ್ಲ. ನಂಗೆ ಮರ್ತೇಹೋಗಿತ್ತು. ಆಮೇಲೆ, ‘ಯಾಕೇ, ನನ್ನ ಮೇಲೆ ಕಥೆ ಬರೀತಿದೀಯಾ?’ ಅಂದ್ರು.”

“ಅದಕ್ಕೆ ನೀನೇನಂದೆ?”

ಹುಡುಗಿ ಬೆಂಚಿನ ಅಂಚು ಕೆರೆಯುತ್ತ ನಿಂತಳು. “ಏನೂ ಅನ್ನೋಕಾಗ್ಲಿಲ್ಲ. ನಾಚಿಕೆ ಆಯ್ತು ಸಾರ್.”

ಕೂತ್ಕೋಮ್ಮ ಎಂದೆ. ಅವಳಿಗೆ ಹೇಳಿಕೊಡಲು ನನ್ನ ಬಳಿ ಆ ನಾಚಿಕೆಗಿಂತ ಹೆಚ್ಚಿನದೇನೂ ಇರಲಿಲ್ಲ.